ಕಾಡಿನ ಗೇಟು ಯಾರ ಕೈಯಲ್ಲಿರಬೇಕು?

2024ರ ಏಪ್ರಿಲ್ 26, ಲೋಕಸಭಾ ಚುನಾವಣೆಯ ಮತದಾನದ ದಿನ. ರಸ್ತೆ, ಕುಡಿಯುವ ನೀರು, ಕರೆಂಟು ಕೊಡದವರಿಗೆ ಓಟು ಯಾಕೆ ಹಾಕಬೇಕು ಎಂದು ಹನೂರು ತಾಲ್ಲೂಕಿನ ಇಂಡಿಗನತ್ತದ ಜನ ಮತದಾನ ಬಹಿಷ್ಕರಿಸಿದರು. ಮನವೊಲಿಸಲು ಹೋದ ಮಾತು ಜಗಳಕ್ಕೆ ತಿರುಗಿ ಮತಗಟ್ಟೆ ಧ್ವಂಸವಾಯಿತು, ಮತಯಂತ್ರ ಪುಡಿಯಾಯಿತು. ಮೂರು ದಿನ ಬಿಟ್ಟು ಮರುಮತದಾನ ನಡೆಯಿತು. ಮತಯಂತ್ರ ಒಡೆದದ್ದು ತಪ್ಪು, ಅದಕ್ಕೆ ಸಮರ್ಥನೆಯಿಲ್ಲ. ಆದರೆ ಅದೇ ಇಂಡಿಗನತ್ತ ಬೆಂಗಳೂರಿನ ಚಾರಣಿಗರಿಗೆ ಮೊದಲಿನಿಂದಲೂ ಗೊತ್ತಿದ್ದ ಊರು. ಮಹದೇಶ್ವರ ಬೆಟ್ಟದಿಂದ ಜೀಪು ಹತ್ತಿ ಅವರು ಬಂದಿಳಿಯುವುದು ಅಲ್ಲಿಗೆ. ನಾಗಮಲೆಗೆ ಕಾಲ್ನಡಿಗೆ ಶುರುವಾಗುವುದು ಅಲ್ಲಿಂದ. ಪ್ರವಾಸಿಯ ವಾರಾಂತ್ಯಕ್ಕೆ ಸಾಕಾಗುವ ದಾರಿ ಹೆರಿಗೆ ನೋವು ತಿನ್ನುವ ಹೆಣ್ಣುಮಗಳಿಗೆ ಸಾಲದು.

ಕೊಳ್ಳೇಗಾಲ, ಹನೂರು, ಯಳಂದೂರು ಈಗ ಎರಡು ದಿನದ ಪ್ರವಾಸದ ನಕ್ಷೆಯಲ್ಲಿ ಗಟ್ಟಿಯಾಗಿ ಕೂತಿವೆ. ಶನಿವಾರ ಬೆಳಿಗ್ಗೆ ಭರಚುಕ್ಕಿ, ಸಂಜೆಗೆ ಮಾದಪ್ಪನ ಬೆಟ್ಟ, ಭಾನುವಾರ ನಾಗಮಲೆ ಅಥವಾ ಬಿಳಿಗಿರಿರಂಗನ ಬೆಟ್ಟದ ಸಫಾರಿ, ರಾತ್ರಿಗೆ ವಾಪಸು ಮನೆ. ‘ಚೆಲುವ ಚಾಮರಾಜನಗರ’ ಎಂದು ಸರ್ಕಾರವೇ ಕರೆಯುತ್ತಿದೆ. ಬರುವವರು ಬರಲಿ, ಅದರಲ್ಲಿ ತಪ್ಪಿಲ್ಲ. ನನ್ನ ತಕರಾರು ಕರೆಯುವವರ ಮೇಲೆ. ಎಷ್ಟು ಜನ ಬರಬೇಕು, ಯಾವ ದಾರಿಯಲ್ಲಿ ಹೋಗಬೇಕು, ಅವರು ಕಟ್ಟುವ ದುಡ್ಡು ಎಲ್ಲಿಗೆ ಸೇರಬೇಕು ಎಂಬುದನ್ನು ತೀರ್ಮಾನಿಸಬೇಕಾದದ್ದು ಆ ಕಾಡಿನ ಊರುಗಳ ಗ್ರಾಮಸಭೆ. ಈಗ ಅದನ್ನು ಬಿಟ್ಟು ಉಳಿದವರೆಲ್ಲ ತೀರ್ಮಾನಿಸುತ್ತಿದ್ದಾರೆ.

ಈ ತೀರ್ಮಾನದ ಅಧಿಕಾರ ಯಾರ ಬಳಿಯೂ ಬೇಡಬೇಕಾದ ಕೃಪೆಯಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಸಮುದಾಯ ಅರಣ್ಯವನ್ನು ಕಾಪಾಡುವ, ನಿರ್ವಹಿಸುವ ಹಕ್ಕನ್ನು ಕಾಡಿನ ಜನರಿಗೇ ಕೊಟ್ಟಿದೆ. ಅದರ 5ನೇ ಸೆಕ್ಷನ್ ಇನ್ನೂ ಮುಂದೆ ಹೋಗುತ್ತದೆ: ಸಮುದಾಯ ಅರಣ್ಯದೊಳಗಿನ ಪ್ರವೇಶವನ್ನು ನಿಯಂತ್ರಿಸುವ, ಕಾಡಿಗೆ ಮತ್ತು ವನ್ಯಜೀವಿಗೆ ಹಾನಿ ಮಾಡುವ ಚಟುವಟಿಕೆಯನ್ನು ನಿಲ್ಲಿಸುವ ತೀರ್ಮಾನ ಗ್ರಾಮಸಭೆಯದು. ಈ ಕಾಯ್ದೆ ಸೋಲಿಗರಂಥ ಬುಡಕಟ್ಟು ಜನರಿಗಷ್ಟೇ ಮೀಸಲಲ್ಲ. ಮೂರು ತಲೆಮಾರಿನಿಂದ, ಅಂದರೆ 75 ವರ್ಷದಿಂದ, ಕಾಡನ್ನೇ ನಂಬಿ ಬದುಕಿದ ಇತರರಿಗೂ ಅನ್ವಯಿಸುತ್ತದೆ. ‘ಅರಣ್ಯ ಕಾನೂನು ಅಡ್ಡ ಬರುತ್ತದೆ, ರಸ್ತೆ ಮಾಡಲಾಗದು’ ಎಂದು ಬೆಟ್ಟದ ಊರುಗಳಿಗೆ ಹೇಳಿಕೊಂಡು ಬಂದವರು ಇದೇ ಕಾಯ್ದೆಯ 3(2) ಸೆಕ್ಷನ್ ಓದಬೇಕು. ಗ್ರಾಮಸಭೆ ಶಿಫಾರಸು ಮಾಡಿದರೆ ರಸ್ತೆ, ಶಾಲೆ, ಕುಡಿಯುವ ನೀರು, ವಿದ್ಯುತ್ ತಂತಿಗಳಿಗೆ ತಲಾ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಭೂಮಿ ಕೊಡಲು ಅಲ್ಲಿ ಅವಕಾಶವಿದೆ. ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿಲ್ಲ, ಅಷ್ಟೆ.

ಯಳಂದೂರಿನ ಕಡೆ ನೋಡಿ. ಬಿಳಿಗಿರಿರಂಗನ ಬೆಟ್ಟ 2011ರ ಆರಂಭದಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಅಲ್ಲಿನ ಸೋಲಿಗರ ಸಮುದಾಯ ಅರಣ್ಯ ಹಕ್ಕಿಗೆ ಮಾನ್ಯತೆ ಸಿಕ್ಕಿತು. ದೇಶದ ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಹಾಗಾದದ್ದು ಅದೇ ಮೊದಲು. ಜೇನು, ನೆಲ್ಲಿ, ಪಾಸೆ (ಕಲ್ಲುಹೂವು) ತಂದು ಬದುಕುವ, ದೊಡ್ಡ ಸಂಪಿಗೆ ಮರವನ್ನು ದೇವರೆಂದು ಪೂಜಿಸುವ ಜನ ಅವರು. ಕಾಡಿನ ಒಂದೊಂದು ಎಲ್ಲೆಯೂ ಅವರಿಗೆ ಹೆಸರಿಟ್ಟು ಕರೆದ ದೇವರ ಜಾಗ. ಬೇಸಿಗೆಗೆ ಮೊದಲು ತರಗಿಗೆ ಬೆಂಕಿ ಇಟ್ಟು ಕಾಡನ್ನು ಹಸನು ಮಾಡುವ ಪದ್ಧತಿ ಅವರದಾಗಿತ್ತು. ಅದನ್ನು ನಿಷೇಧಿಸಿದ ಮೇಲೆ ಲಂಟಾನ ಹಬ್ಬಿ ಹುಲ್ಲು ಸತ್ತಿತು ಎಂದು ಅವರು ವರ್ಷಗಳಿಂದ ಹೇಳುತ್ತಿದ್ದಾರೆ. ಸಫಾರಿ ಜೀಪು ಯಾವ ದಾರಿಯಲ್ಲಿ ಹೋಗಬೇಕೆಂದು ಕೇಳಬೇಕಾದರೆ ಅವರಿಗಿಂತ ತಿಳಿದವರು ಯಾರಿದ್ದಾರೆ? ಹಕ್ಕುಪತ್ರ ಕೊಟ್ಟ ಸರ್ಕಾರ, ತೀರ್ಮಾನದ ಮೇಜಿಗೆ ಅವರನ್ನು ಕರೆಯುವುದನ್ನು ಮರೆತಿದೆ.

ಕಟ್ಟುಪಾಡು ಬಂದಾಗೆಲ್ಲ ಅದು ಮೊದಲು ಬೀಳುವುದು ಕಾಡಿನವರ ಮೇಲೆ. 2025ರ ಜೂನ್ 26ರಂದು ಮಲೆ ಮಹದೇಶ್ವರ ವನ್ಯಜೀವಿಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿಹುಲಿ, ನಾಲ್ಕು ಮರಿಗಳ ಹೆಣ ಸಿಕ್ಕವು. ಹಸುವಿನ ಕಳೇಬರಕ್ಕೆ ವಿಷ ಬೆರೆಸಿದ್ದು ತನಿಖೆಯಲ್ಲಿ ಬಯಲಾಯಿತು. ಅದು ಘೋರ ಅಪರಾಧ, ಮಾಡಿದವರಿಗೆ ಶಿಕ್ಷೆಯಾಗಲೇಬೇಕು. ಆದರೆ ಮುಂದಿನ ತಿಂಗಳೇ ಅರಣ್ಯ ಸಚಿವ ಈಶ್ವರ ಖಂಡ್ರೆ ಅವರು ಕಾಡಿನಲ್ಲಿ ದನ ಮೇಯಿಸುವುದನ್ನು ನಿರ್ಬಂಧಿಸುವಂತೆ ಅಧಿಕಾರಿಗಳಿಗೆ ಸೂಚಿಸಿದರು. ಕೆಲವರು ಮಾಡಿದ ಪಾಪಕ್ಕೆ ದೊಡ್ಡಿ ಕಟ್ಟಿಕೊಂಡು ಬದುಕುವ ಎಲ್ಲರೂ ತಲೆ ತಗ್ಗಿಸಬೇಕಾಯಿತು. ದನದ ಕಾಲಿಗೆ ಇರುವ ಈ ಲೆಕ್ಕ ಜೀಪಿನ ಚಕ್ರಕ್ಕೆ ಯಾಕಿಲ್ಲ? ಕಾಡಿಗೆ ಭಾರ ಎರಡರಿಂದಲೂ ಇದೆ ಎಂದಾದರೆ ಎರಡನ್ನೂ ಒಂದೇ ಸಭೆಯಲ್ಲಿ ಕೂತು ತೂಗಬೇಕು.

ಪ್ರವಾಸಿಗರ ಭಾರಕ್ಕೂ ಮಿತಿ ಬೇಕೆಂಬ ಪಾಠವನ್ನು ಭೂಮಧ್ಯ ಸಮುದ್ರದ ದಂಡೆಯ ಊರುಗಳು ತಡವಾಗಿ, ನೋವುಂಡು ಕಲಿಯುತ್ತಿವೆ. ಫ್ರಾನ್ಸಿನ ಮಾರ್ಸೇ ನಗರದ ಪಕ್ಕದ ಸುಜಿತೋಂ ಕಡಲ ಕೊರಕಲಿನಲ್ಲಿ ಜನದಟ್ಟಣೆಯಿಂದ ಮಣ್ಣು ಸವೆದು ಮರದ ಬೇರು ಮೇಲೆದ್ದಾಗ, 2022ರ ಬೇಸಿಗೆಯಿಂದ ದಿನಕ್ಕೆ 400 ಜನರಿಗಷ್ಟೇ ಪ್ರವೇಶ ಎಂದಾಯಿತು. ಮೊದಲೇ ಹೆಸರು ಬರೆಸಬೇಕು, ಶುಲ್ಕವಿಲ್ಲ. ಒಂದು ಹಗಲಿಗೆಂದು ಬಂದು ಹೋಗುವವರಿಂದ ವೆನಿಸ್ 2024ರ ಏಪ್ರಿಲಿನಲ್ಲಿ ಐದು ಯೂರೊ ಪಡೆಯತೊಡಗಿತು. ಬಾರ್ಸಿಲೋನಾದ ಜನ ಅದೇ ವರ್ಷ ಬೀದಿಗಿಳಿದರು. ಪ್ರವಾಸಿಗರಿಗೆ ಬಾಡಿಗೆ ಕೊಡುವ ಸುಮಾರು ಹತ್ತು ಸಾವಿರ ಮನೆಗಳ ಪರವಾನಗಿಯನ್ನು 2028ರ ಹೊತ್ತಿಗೆ ಮುಗಿಸುವುದಾಗಿ ಅಲ್ಲಿನ ಮೇಯರ್ ಘೋಷಿಸಿದರು. ಅಲ್ಲಿನ ನಿವಾಸಿಗಳ ಕೈಗೆ ಸಿಗುವ ಮೇಯರ್ ಇದ್ದಾರೆ. ನಾಗಮಲೆಯ ದಾರಿಯ ಊರುಗಳ ಕೈಗೆ ಸಿಗುವುದು ಗ್ರಾಮಸಭೆ ಮಾತ್ರ. ಅದನ್ನೂ ಕಸಿದರೆ ಉಳಿಯುವುದು ಬಹಿಷ್ಕಾರ.

ಪ್ರವಾಸೋದ್ಯಮಕ್ಕೆ ಕಡಿವಾಣ ಹಾಕಿದರೆ ಸ್ಥಳೀಯರ ಹೊಟ್ಟೆಗೇ ಹೊಡೆದಂತೆ ಎನ್ನುವವರಿದ್ದಾರೆ. ಜೀಪು ಓಡಿಸುವ ಹುಡುಗರು, ದಾರಿ ತೋರಿಸುವವರು, ಟೀ ಕಾಸಿ ಮಾರುವವರು ಈ ದುಡ್ಡನ್ನು ನಂಬಿದ್ದಾರೆ ಎಂಬುದು ನಿಜ. ನಾನು ಗ್ರಾಮಸಭೆಯ ಪರ ನಿಲ್ಲುವುದು ಅವರಿಗಾಗಿಯೂ ಹೌದು. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜನ ಮುಗಿಬಿದ್ದರೆಂದು ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನೆಲ್ಲ ರಾಜ್ಯದಾದ್ಯಂತ ನಿಲ್ಲಿಸಲಾಯಿತು. ಅಂಥ ಆದೇಶ ಮೇಲಿನಿಂದ ಇಳಿದ ದಿನ ಮೊದಲು ಕೂಲಿ ಕಳೆದುಕೊಳ್ಳುವವರು ಇವರೇ. ತೆರೆಯುವಾಗಲೂ ಮುಚ್ಚುವಾಗಲೂ ಕೇಳದೆ ಹೋದರೆ ಅದನ್ನು ಉದ್ಯೋಗ ಎನ್ನಲಾಗದು, ಹಂಗು ಎನ್ನಬೇಕು.

ಹುಲಿ ದೇಶದ ಆಸ್ತಿ, ಅದನ್ನು ಹಳ್ಳಿಯ ಸಭೆಗೆ ಬಿಡಲಾದೀತೇ ಎಂಬುದು ಇನ್ನೊಂದು ವಾದ. ಹಳ್ಳಿಗೆ ಬಿಡಿ ಎಂದು ಯಾರೂ ಹೇಳುತ್ತಿಲ್ಲ, ಹಳ್ಳಿಯನ್ನು ಬಿಡಬೇಡಿ ಎನ್ನುತ್ತಿದ್ದೇವೆ. ಹುಲಿಯ ಗಣತಿ, ಗಸ್ತು, ಬೇಟೆ ತಡೆ ಅರಣ್ಯ ಇಲಾಖೆಯ ಕೆಲಸವಾಗಿಯೇ ಇರಲಿ. 2012ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಪ್ರಕರಣದ ಬೆನ್ನಿಗೆ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿ ಕೂಡ ಹುಲಿ ಸಂರಕ್ಷಿತ ಪ್ರದೇಶದ ಕೇಂದ್ರ ಭಾಗದಲ್ಲಿ ಶೇ 20ರಷ್ಟು ಜಾಗವಷ್ಟೇ ಪ್ರವಾಸೋದ್ಯಮಕ್ಕೆ ಎಂದು ಮಿತಿ ಹಾಕಿದೆ, ಸ್ಥಳೀಯರ ಪಾಲುದಾರಿಕೆ ಇರಬೇಕೆಂದಿದೆ. ಕಾಡಿನವರು ಕಣ್ಣು ಕಿವಿಯಾಗಿ ನಿಂತ ಕಡೆ ವಿಷ ಹಾಕುವವನು ಹತ್ತು ಸಲ ಯೋಚಿಸುತ್ತಾನೆ. ಅವರನ್ನು ಶತ್ರುಗಳನ್ನಾಗಿ ಮಾಡಿಕೊಂಡ ಇಲಾಖೆಗೆ ಸುಳಿವು ಕೊಡುವವರೇ ಇರುವುದಿಲ್ಲ.

ಆದ್ದರಿಂದ ಬೇಡಿಕೆಗಳು ನೇರವಾಗಿವೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಮತ್ತು ಮಲೆ ಮಹದೇಶ್ವರ ವನ್ಯಜೀವಿಧಾಮದಲ್ಲಿ ಸಫಾರಿ, ಚಾರಣಗಳ ದಿನದ ಮಿತಿಯನ್ನು ಗ್ರಾಮಸಭೆಯ ನಿರ್ಣಯದ ಮೇಲೆ ನಿಗದಿ ಮಾಡಬೇಕು. ಶುಲ್ಕದ ಒಂದು ಪಾಲು ಆಯಾ ಪೋಡು (ಸೋಲಿಗರ ಹಾಡಿ) ಮತ್ತು ಹಳ್ಳಿಯ ಖಾತೆಗೆ ನೇರ ಹೋಗಬೇಕು, ಅದರ ಲೆಕ್ಕ ಊರ ಮುಂದೆ ಓದಬೇಕು. ಮಾರ್ಗದರ್ಶಿಗಳ ಕೆಲಸದಲ್ಲಿ ಸೋಲಿಗರಿಗೂ ದಾರಿಯ ಊರುಗಳ ಯುವಕರಿಗೂ ಮೊದಲ ಹಕ್ಕು ಇರಬೇಕು. ಮಾದಪ್ಪನಿಗೆ ಹರಕೆ ಹೊತ್ತು ನಡೆದು ಬರುವ ಪರಸೆಯವರನ್ನು ಪ್ರವಾಸಿಗಳ ಲೆಕ್ಕಕ್ಕೆ ಸೇರಿಸಿ ಪೀಡಿಸಬಾರದು.

ಮಲೆ ಮಹದೇಶ್ವರ ವನ್ಯಜೀವಿಧಾಮವನ್ನು ಹುಲಿ ಸಂರಕ್ಷಿತ ಪ್ರದೇಶ ಮಾಡುವ ಪ್ರಸ್ತಾವ ವರ್ಷಗಳಿಂದ ಸರ್ಕಾರದ ಮುಂದಿದೆ. ಹನೂರು ಭಾಗದ ಜನ ಅದನ್ನು ವಿರೋಧಿಸುತ್ತಿರುವುದು ಹುಲಿಯ ಮೇಲಿನ ಹಗೆಯಿಂದಲ್ಲ. ಮಾತು ಕೊಟ್ಟವರು ಅದನ್ನು ಉಳಿಸಿಕೊಳ್ಳದ ಅನುಭವದಿಂದ. ಆ ಕಡತಕ್ಕೆ ಸಹಿ ಬೀಳುವ ಮೊದಲು ಪ್ರತಿ ಊರಿನಲ್ಲೂ ಗ್ರಾಮಸಭೆ ನಡೆಯಬೇಕು, ಬಾಕಿ ಇರುವ ಹಕ್ಕುಪತ್ರಗಳು ಕೈಸೇರಬೇಕು, ಜನರ ಒಪ್ಪಿಗೆ ಬರಹದಲ್ಲಿ ದಾಖಲಾಗಬೇಕು. ಅಲ್ಲಿಯವರೆಗೆ ಆ ಸಹಿ ಬೀಳಕೂಡದು.