ನವಿಲು ಅರ್ಧ ಕತ್ತರಿಸಿದರೆ ತಪ್ಪು ಕೈಯದಲ್ಲ

ಸುದ್ದಿಗೆಂದು ಹೋದ ಊರೊಂದರಲ್ಲಿ ಸ್ವಸಹಾಯ ಸಂಘದ ಅಕ್ಕಂದಿರು ನಮ್ಮ ಮುಂದೆ ಒಂದು ಡಬ್ಬ ತಂದಿಟ್ಟರು. ಒಳಗೆ ಹಿಡಿಕೆ ತಿರುಗಿಸಿ ಕಾಗದ ಕತ್ತರಿಸುವ ಪುಟ್ಟ ಯಂತ್ರ, ಜೊತೆಗೆ ಗರಿ ಬಿಚ್ಚಿದ ನವಿಲಿನ ತೆಳು ಲೋಹದ ಡೈ. ಮದುವೆ ಕಾರ್ಡು ಮಾಡಿ ಮಾರೋಣ ಎಂದು ಸಾಲ ಮಾಡಿ ತರಿಸಿದ್ದು. ಈಗ ಅಟ್ಟ ಸೇರಿದೆ. "ಅರ್ಧ ಕಟ್ ಆಗ್ತದೆ, ಉಳಿದದ್ದು ಡೈಯಲ್ಲೇ ಸಿಕ್ಕೊಳ್ತದೆ. ನಮ್ ಕೈಗೆ ಬರಲ್ಲ ಬಿಡಿ ಸಾರ್" ಎಂದರು. ಕಂತು ಮಾತ್ರ ಪ್ರತಿ ತಿಂಗಳೂ ಕಟ್ಟುತ್ತಿದ್ದಾರೆ.

ಅಕ್ಕಂದಿರ ಕೈಯಲ್ಲಿ ತಪ್ಪಿಲ್ಲ. ಮಾರಿದವರು ಹೇಳಬೇಕಾದ್ದನ್ನು ಹೇಳಿಲ್ಲ ಎಂಬುದೇ ನಮ್ಮ ತಕರಾರು.

ಈ ಯಂತ್ರ ಕಬ್ಬಿನ ಹಾಲಿನ ಗಾಣದ ತಮ್ಮನಿದ್ದಂತೆ. ಎರಡು ರೋಲರ್, ನಡುವೆ ಇಷ್ಟೇ ಎಂಬ ಸಂದು. ಎರಡು ಪ್ಲಾಸ್ಟಿಕ್ ಹಲಗೆಗಳ ನಡುವೆ ಕಾಗದ ಮತ್ತು ಡೈ ಇಟ್ಟು ತೂರಿಸಬೇಕು, ಡೈಯ ಹರಿತ ಅಂಚು ಕಾಗದದ ಕಡೆಗಿರಬೇಕು. ದುಂಡನೆಯ ಡೈಗೆ ಒಂದೇ ಗೆರೆ. ನವಿಲಿಗೆ ನೂರಾರು ಗೆರೆ. ಒತ್ತಡ ಅಷ್ಟೇ ಇದ್ದು ಗೆರೆ ಹೆಚ್ಚಾದರೆ ಒಂದೊಂದಕ್ಕೂ ಸಿಗುವ ಪಾಲು ಕಡಿಮೆ. ಕತ್ತರಿಸದೇ ಉಳಿಯುವುದು ಅದಕ್ಕೇ.

ಉಪಾಯ ಇದೆ. ಹಲಗೆಯ ಕೆಳಗೆ ಒಂದು ತೆಳು ಕಾಗದ ಇಟ್ಟು ನೋಡಿ. ಸಾಲದಿದ್ದರೆ ಇನ್ನೊಂದು. ಒಮ್ಮೆಗೇ ದಪ್ಪ ರಟ್ಟು ತುರುಕಬೇಡಿ. ಹಲಗೆ ಚಟಚಟ ಎನ್ನುವುದು ಸಹಜ, ಆದರೆ ಹಿಡಿಕೆ ತಿರುಗದೆ ನಿಂತರೆ ಬಲ ಹಾಕಬೇಡಿ, ಒಳಗಿನ ಗಿಯರ್ ಹೋಗುತ್ತದೆ. ಡೈಯನ್ನು ಸ್ವಲ್ಪ ಓರೆಯಾಗಿಡಿ, ಆಗ ಉದ್ದ ಗೆರೆಗಳೆಲ್ಲ ಒಟ್ಟಿಗೇ ರೋಲರ್‌ಗೆ ಸಿಗುವುದಿಲ್ಲ. ಒಮ್ಮೆ ತೂರಿಸಿ, ತಿರುಗಿಸಿಟ್ಟು ಇನ್ನೊಮ್ಮೆ ತೂರಿಸಿ. ಡೈಗೂ ಕಾಗದಕ್ಕೂ ನಡುವೆ ಅಡುಗೆಮನೆಯ ಬಟರ್ ಪೇಪರ್ ತುಂಡು ಹಾಕಿದರೆ ಗರಿಗಳು ಸುಲಭವಾಗಿ ಬಿಟ್ಟುಬರುತ್ತವೆ. ಉಳಿದದ್ದನ್ನು ಡೈಯ ಹಿಂದಿನ ತೂತುಗಳಿಂದ ಸೂಜಿಯಲ್ಲಿ ಮೆಲ್ಲಗೆ ತಳ್ಳಿ. ಹಲಗೆ ಬಾಗುತ್ತದೆ, ಪ್ರತಿ ಸಲ ಮಗುಚಿ ಬಳಸಿ. ಕೈಕಾಗದ ನೋಡಲು ಚೆಂದ, ಆದರೆ ಅದರ ನಾರು ಕುಸುರಿ ಡೈಗೆ ಒಗ್ಗುವುದಿಲ್ಲ. ನುಣುಪಾದ, ತೀರಾ ದಪ್ಪವಲ್ಲದ ಕಾಗದ ಸಾಕು.

ಅಲ್ಲೇ ಕೂತು ಹೀಗೆ ಮಾಡಿ ನೋಡಿದೆವು. ಎರಡು ಕಾಗದದ ಆಸರೆ ಕೊಟ್ಟು, ಮೂರನೆಯ ಸಲ ತೂರಿಸಿದಾಗ ನವಿಲು ಇಡಿಯಾಗಿ ಬಂತು. ಒಂದು ಗರಿಯ ತುದಿ ಹರಿಯಿತು, ಅದು ನಮ್ಮದೇ ಅವಸರ.

ಹಾಗಾದರೆ ಮದುವೆ ಕಾರ್ಡು ಮಾಡಬಹುದೇ? ಇಲ್ಲಿ ನಾವು ಅಕ್ಕಂದಿರ ಮಾತಿಗೂ ಒಪ್ಪುವುದಿಲ್ಲ. ತೂರಿಸಿ, ಬಿಡಿಸಿ, ಅಂಟಿಸಲು ಕಾರ್ಡಿಗೆ 5 ನಿಮಿಷ ಹಿಡಿದರೂ 200 ಕಾರ್ಡಿಗೆ 1000 ನಿಮಿಷ, ಅಂದರೆ 16 ಗಂಟೆಗೂ ಹೆಚ್ಚು. ಅಷ್ಟು ಕೂಲಿಯನ್ನು ಕಾರ್ಡಿನ ಬೆಲೆಗೆ ಸೇರಿಸಿದರೆ ಯಾರು ಕೊಳ್ಳುತ್ತಾರೆ? ಸಾವಿರಗಟ್ಟಲೆ ಬೇಕಾದವರು ಪೇಟೆಯ ಪ್ರೆಸ್ಸಿಗೇ ಹೋಗುತ್ತಾರೆ. ಈ ಯಂತ್ರ ನಾಮಕರಣದ ಹತ್ತಿಪ್ಪತ್ತು ಕಾರ್ಡಿಗೆ, ಕೇಕಿನ ಮೇಲಿಡುವ ಹೆಸರಿಗೆ, ಉಡುಗೊರೆಯ ಚೀಟಿಗೆ ಸರಿ. ಮೊದಲು ದುಂಡು, ಎಲೆ, ಹೂವಿನ ಸರಳ ಡೈ ಕೊಂಡು ಕೈ ಪಳಗಿಸಿಕೊಂಡ ಮೇಲೆ ನವಿಲು ತರಿಸಬಹುದಿತ್ತು.

ತರಬೇತಿ ಕೊಡುವವರಿಗೂ ಒಂದು ಮಾತು. ಫೋಟೋ ತೆಗೆಸಿಕೊಳ್ಳುವ ಮೊದಲು ಕಾಗದ ಸಿಕ್ಕಿಕೊಂಡರೆ ಏನು ಮಾಡಬೇಕು ಎಂಬುದನ್ನು ತೋರಿಸಿ. ಹಲಗೆ ಸವೆದರೆ ಹೊಸದಕ್ಕೆಷ್ಟು ಎಂಬುದನ್ನೂ ಸಾಲದ ಅರ್ಜಿಗೆ ಸಹಿ ಹಾಕಿಸುವ ಮೊದಲೇ ಹೇಳಿ. ಕೊಳ್ಳುವ ಅಕ್ಕಂದಿರೇ, ನಿಮ್ಮೂರಿನ ಅಂಗಡಿಯ ಕಾಗದವನ್ನೇ ಜೊತೆಗೆ ಒಯ್ಯಿರಿ. ಅದನ್ನು ನಿಮ್ಮೆದುರೇ ಕತ್ತರಿಸಿ ತೋರಿಸಿದ ಮೇಲೆ ದುಡ್ಡು ಎಣಿಸಿ ಕೊಡಿ.