ಮರ್ಯಾದೆ ಕಲಿಸ್ತೀವಿ ಸರಿ, ಯಾರಿಗೆ ಕೊಡೋ ಮರ್ಯಾದೆ?

2023ರಿಂದ ಕರ್ನಾಟಕದ ಶಾಲಾ ಕಾಲೇಜುಗಳಲ್ಲಿ ಸಂವಿಧಾನದ ಪೀಠಿಕೆ ಓದಿಸಬೇಕು ಅನ್ನೋದು ಸರ್ಕಾರದ ನಿರ್ಧಾರ. ಅದೇ ವರ್ಷ ಸೆಪ್ಟೆಂಬರ್ 15ರಂದು, ಅಂತರರಾಷ್ಟ್ರೀಯ ಪ್ರಜಾಪ್ರಭುತ್ವ ದಿನದ ನೆಪದಲ್ಲಿ, ರಾಜ್ಯದಾದ್ಯಂತ ಸಾಮೂಹಿಕವಾಗಿ ಪೀಠಿಕೆ ಓದಿಸಲಾಯಿತು. ಸಾಲಾಗಿ ನಿಂತ ಮಕ್ಕಳು 'ವ್ಯಕ್ತಿ ಗೌರವ', 'ಭ್ರಾತೃ ಭಾವನೆ' ಎಂಬ ಪದಗಳನ್ನು ಒಂದೇ ದನಿಯಲ್ಲಿ ಹೇಳಿದರು.

ಮೂರು ತಿಂಗಳು ಕಳೆಯಿತು. ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಯಲುವಹಳ್ಳಿಯ ಮೊರಾರ್ಜಿ ದೇಸಾಯಿ ವಸತಿ ಶಾಲೆಯಿಂದ ಒಂದು ವಿಡಿಯೊ ಹೊರಬಂತು. ದಲಿತ ವಿದ್ಯಾರ್ಥಿಗಳನ್ನು ಮಲದ ಗುಂಡಿಗೆ ಇಳಿಸಿ ಸ್ವಚ್ಛ ಮಾಡಿಸಲಾಗಿತ್ತು. ಪ್ರಾಂಶುಪಾಲರು ಮತ್ತು ಒಬ್ಬ ಶಿಕ್ಷಕರು ಅಮಾನತಾದರು, ಬಂಧನವೂ ಆಯಿತು. ಅದೇ ತಿಂಗಳು ಬೆಂಗಳೂರಿನ ಅಂದ್ರಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಮಕ್ಕಳಿಂದ ಶೌಚಾಲಯ ತೊಳೆಸಿದ್ದು ಬಯಲಾಗಿ ಅಲ್ಲಿಯ ಮುಖ್ಯ ಶಿಕ್ಷಕಿಯೂ ಅಮಾನತಾದರು.

ಈಗ ಹೇಳಿ, ಬೇರೆಯವರನ್ನು ಗೌರವಿಸೋದು ಹೇಗೆ ಅಂತ ಆ ಮಕ್ಕಳು ಯಾರಿಂದ ಕಲಿಯಬೇಕು?

'ಈಗಿನ ಹುಡುಗರಿಗೆ ದೊಡ್ಡೋರು ಚಿಕ್ಕೋರು ಅನ್ನೋದೇ ಇಲ್ಲ' ಎಂಬ ದೂರು ನೀವೂ ಕೇಳಿರ್ತೀರಿ. ಬಸ್ಸಲ್ಲಿ, ಮದುವೆ ಮನೇಲಿ, ಟೀವಿ ಚರ್ಚೆಯಲ್ಲಿ ಇದೇ ಮಾತು. ಮೊಬೈಲ್ ಕೆಡಿಸ್ತು, ರೀಲ್ಸ್ ಕೆಡಿಸ್ತು, ಅದಕ್ಕೆ ನೀತಿ ಪಾಠ ಬೇಕು ಅಂತಾರೆ. ದೂರಿನಲ್ಲಿ ನಿಜ ಇಲ್ಲ ಅಂತಲ್ಲ. ಆದರೆ ಅಲ್ಲಿ 'ಗೌರವ' ಅಂದರೆ ಏನು ಅಂತ ಸ್ವಲ್ಪ ಗಮನಿಸಿ. ಅದು ಕೆಳಗಿನಿಂದ ಮೇಲಕ್ಕೆ ಮಾತ್ರ ಹೋಗುತ್ತದೆ. ಹಿರಿಯರು, ಮೇಷ್ಟ್ರು, ಸಾಹೇಬರು, ಸ್ವಾಮೀಜಿ, ಶಾಸಕರು ಇವರಿಗೆಲ್ಲ ತಲೆಬಾಗಬೇಕು. ಪಕ್ಕದ ಬೆಂಚಿನ ಹುಡುಗಿಗೆ, ಬಿಸಿಯೂಟ ಬಡಿಸುವ ಅಮ್ಮನಿಗೆ, ಕಸ ಗುಡಿಸುವವರಿಗೆ ಕೊಡಬೇಕಾದ ಗೌರವ ಈ ದೂರಿನಲ್ಲಿ ಎಲ್ಲೂ ಬರಲ್ಲ.

ಏಕವಚನದ ಪಾಠ

ನಮ್ಮ ಭಾಷೆಯಲ್ಲೇ ಇದಕ್ಕೆ ಸಾಕ್ಷಿ ಇದೆ. ಕನ್ನಡದಲ್ಲಿ ಬಾಯಿ ಬಿಟ್ಟ ಕೂಡಲೇ ಎದುರಿಗಿರುವವರು 'ನೀನು'ವೋ 'ನೀವು'ವೋ ಅಂತ ತೀರ್ಮಾನಿಸಲೇಬೇಕು. ಮಕ್ಕಳು ಆ ತೀರ್ಮಾನವನ್ನು ವ್ಯಾಕರಣ ಪುಸ್ತಕದಿಂದ ಕಲಿಯಲ್ಲ, ನಮ್ಮನ್ನು ನೋಡಿ ಕಲೀತಾರೆ. ಅಪ್ಪ ಬ್ಯಾಂಕ್ ಮ್ಯಾನೇಜರಿಗೆ 'ಬನ್ನಿ ಸರ್' ಅಂತಾನೆ, ತನಗಿಂತ ಇಪ್ಪತ್ತು ವರ್ಷ ದೊಡ್ಡವರಾದ ಪೌರಕಾರ್ಮಿಕರಿಗೆ 'ಏಯ್, ಬಾ ಇಲ್ಲಿ' ಅಂತಾನೆ. ಹದಿಮೂರರ ಹುಡುಗ ಎರಡನ್ನೂ ಕೇಳಿಸಿಕೊಂಡಿರ್ತಾನೆ. ವಯಸ್ಸಿಗೆ ಮರ್ಯಾದೆ ಅಂತ ಬಾಯಲ್ಲಿ ಹೇಳ್ತಾರೆ, ಆದರೆ ಲೆಕ್ಕಕ್ಕೆ ಬರೋದು ಜಾತಿ, ಸಂಬಳ, ಬಟ್ಟೆ ಅನ್ನೋದು ಅವನಿಗೆ ಅರ್ಥವಾಗಿಬಿಡುತ್ತೆ. ಹಳ್ಳಿಗಳಲ್ಲಿ ಮೇಲ್ಜಾತಿಯ ಚಿಕ್ಕ ಹುಡುಗ ದಲಿತ ಕೇರಿಯ ಅಜ್ಜನನ್ನು ಏಕವಚನದಲ್ಲಿ ಕೂಗುವುದು ಇವತ್ತಿಗೂ ಯಾರಿಗೂ ವಿಚಿತ್ರ ಅನ್ನಿಸಲ್ಲ. ಒಬ್ಬರನ್ನು ಹೇಗೆ ಕರೆಯುತ್ತೀವಿ ಎಂಬುದರಲ್ಲೇ ಸ್ವರ್ಗ ನರಕ ಇದೆ ಅಂತ ಬಸವಣ್ಣ ಹನ್ನೆರಡನೇ ಶತಮಾನದಲ್ಲೇ ಹೇಳಿದ್ದಾರೆ. ಆ ವಚನ ಮಕ್ಕಳಿಗೆ ಬಾಯಿಪಾಠ ಇದೆ. ಪ್ರತಿಭಾ ಕಾರಂಜಿಯಲ್ಲಿ ಹಾಡೋಕೆ.

'ಮರ್ಯಾದೆ' ಎಂಬ ಪದ ಹುಡುಗ ಹುಡುಗಿಯರ ನಡುವೆ ಹೇಗೆ ಹಂಚಿಕೆಯಾಗಿದೆ ನೋಡಿ. ಹುಡುಗಿಗೆ ಅದು ಕಾಪಾಡಿಕೊಳ್ಳಬೇಕಾದ ವಸ್ತು: ತಗ್ಗಿ ಬಗ್ಗಿ ನಡಿ, ಮನೆ ಮರ್ಯಾದೆ ಕಳೀಬೇಡ. ಹುಡುಗನಿಗೆ ಅದು ಸಿಗಬೇಕಾದ ಹಕ್ಕು: ಗಂಡಸು, ಮರ್ಯಾದೆ ಕೊಟ್ಟು ಮಾತಾಡು. ಹೀಗೆ ಬೆಳೆದ ಹುಡುಗನಿಗೆ ಒಂದು 'ಇಲ್ಲ' ಕೇಳಿದರೂ ಅವಮಾನ ಅನ್ನಿಸುತ್ತೆ. ಅವನ ಜೊತೆ ಈ ಬಗ್ಗೆ ಮಾತಾಡೋಕೆ ಒಂದು ಅವಕಾಶ ಇತ್ತು. ಶಾಲೆಗಳಲ್ಲಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮ ತರಲು ಕೇಂದ್ರ ಹೊರಟಾಗ, 2007ರಲ್ಲಿ ಹಲವು ರಾಜ್ಯಗಳು ಅದಕ್ಕೆ ತಡೆ ಹಾಕಿದವು. ಕರ್ನಾಟಕವೂ ಅದರಲ್ಲೊಂದು. ಮಕ್ಕಳು ಕೆಟ್ಟುಹೋಗ್ತಾರೆ ಎಂಬ ವಾದ ಗೆದ್ದಿತು. ಆಗ ತರಗತಿಯಲ್ಲಿ ಆಗದ ಮಾತುಕತೆಯನ್ನು ಈಗ ಪೋರ್ನ್ ಸೈಟುಗಳೂ ಮೀಮ್ ಪೇಜುಗಳೂ ನಡೆಸಿಕೊಡ್ತಿವೆ. 2012ರ ಪೋಕ್ಸೊ ಕಾಯ್ದೆ ಹದಿನೆಂಟರೊಳಗಿನ ಎಲ್ಲರಿಗೂ ರಕ್ಷಣೆ ಕೊಡುತ್ತದೆ. ಆದರೆ ಒಪ್ಪಿಗೆ ಅಂದರೇನು ಅಂತ ಪಾಠ ಹೇಳುವ ಮೊದಲೇ ಅದೇ ಕಾಯ್ದೆಯಡಿ ಕೇಸು ಹಾಕಿಸಿಕೊಳ್ಳುವ ಹುಡುಗರೂ ಇದ್ದಾರೆ.

ನಾಂಗುನೇರಿಯ ರಾತ್ರಿ

ಇದು ಎಲ್ಲಿಗೆ ಹೋಗಿ ಮುಟ್ಟಬಹುದು ಅನ್ನೋದಕ್ಕೆ ಪಕ್ಕದ ತಮಿಳುನಾಡನ್ನು ನೋಡಬೇಕು. ತಿರುನೆಲ್ವೇಲಿ ಜಿಲ್ಲೆಯ ನಾಂಗುನೇರಿಯಲ್ಲಿ 12ನೇ ತರಗತಿಯ ಒಬ್ಬ ದಲಿತ ಹುಡುಗನನ್ನು ಪ್ರಬಲ ಜಾತಿಯ ಸಹಪಾಠಿಗಳು ಸತತವಾಗಿ ಪೀಡಿಸುತ್ತಿದ್ದರು. ಅವನು ಶಾಲೆಗೆ ಹೋಗುವುದನ್ನೇ ನಿಲ್ಲಿಸಿದ. ವಿಷಯ ಶಾಲೆಗೆ ಗೊತ್ತಾಗಿ, ದೂರು ದಾಖಲಾಯಿತು. 2023ರ ಆಗಸ್ಟ್ 9ರ ರಾತ್ರಿ ಅವನ ಮನೆಗೆ ನುಗ್ಗಿದ ಗುಂಪು ಮಚ್ಚಿನಿಂದ ಕೊಚ್ಚಿತು. ತಡೆಯಲು ಹೋದ ತಂಗಿಗೂ ಏಟು ಬಿತ್ತು. ಸಿಕ್ಕಿಬಿದ್ದವರಲ್ಲಿ ಹೆಚ್ಚಿನವರು ಅಪ್ರಾಪ್ತರು. ಆಸ್ಪತ್ರೆಯಿಂದ ಎದ್ದು ಬಂದ ಆ ಹುಡುಗ ಮುಂದಿನ ಮೇ ತಿಂಗಳ ಫಲಿತಾಂಶದಲ್ಲಿ 600ಕ್ಕೆ 469 ಅಂಕ ತೆಗೆದ.

ಅವನನ್ನು ಹೊಡೆದ ಹುಡುಗರಿಗೆ ಗೌರವ ಅಂದರೆ ಗೊತ್ತಿರಲಿಲ್ಲವೇ? ಚೆನ್ನಾಗೇ ಗೊತ್ತಿತ್ತು. ತಮ್ಮ ಜಾತಿಗೆ ಸಲ್ಲಬೇಕಾದ 'ಗೌರವ'ವನ್ನು ಒಬ್ಬ ದಲಿತ ಹುಡುಗ ಕೊಡಲಿಲ್ಲ, ಮೇಲಾಗಿ ದೂರು ಬೇರೆ ಕೊಟ್ಟ ಅನ್ನೋದೇ ಅವರ ಸಿಟ್ಟು. ಅಂಥವರಿಗೆ ಇನ್ನೊಂದು ನೀತಿ ಪಾಠ ಮಾಡಿ ಏನು ಪ್ರಯೋಜನ?

ತಮಿಳುನಾಡು ಸರ್ಕಾರ ನಿವೃತ್ತ ನ್ಯಾಯಮೂರ್ತಿ ಕೆ. ಚಂದ್ರು ಅವರ ಏಕಸದಸ್ಯ ಸಮಿತಿ ನೇಮಿಸಿತು. 2024ರ ಜೂನ್‌ನಲ್ಲಿ ವರದಿ ಬಂತು. ಅದರ ವಿಶೇಷ ಏನಂದರೆ, ಅದು ಮಕ್ಕಳಿಗೆ ಬುದ್ಧಿ ಹೇಳಿ ಅಂತ ಮಾತ್ರ ಹೇಳಿ ಕೈತೊಳೆದುಕೊಳ್ಳಲಿಲ್ಲ, ಶಾಲೆಯ ವ್ಯವಸ್ಥೆಗೇ ಕೈ ಹಾಕಿತು. ಶಾಲೆಗಳ ಹೆಸರಿನಲ್ಲಿರುವ ಜಾತಿ ತೆಗೆಯಿರಿ. ಜಾತಿ ಸೂಚಿಸುವ ಬಣ್ಣದ ಕೈದಾರ, ಉಂಗುರ, ಹಣೆಯ ಗುರುತು, ಜಾತಿ ಬಣ್ಣ ಬಳಿದ ಸೈಕಲ್ ಬೇಡ. ತರಗತಿಯಲ್ಲಿ ಅಕ್ಷರಾನುಕ್ರಮದಲ್ಲಿ ಕೂರಿಸಿ. ಹಾಜರಿ ಪುಸ್ತಕದಲ್ಲಿ ಜಾತಿ ಕಾಣಬಾರದು. ಒಂದು ಪ್ರದೇಶದ ಪ್ರಬಲ ಜಾತಿಗೆ ಸೇರಿದವರನ್ನೇ ಅಲ್ಲಿಯ ಮುಖ್ಯ ಶಿಕ್ಷಕರಾಗಿ, ಶಿಕ್ಷಣಾಧಿಕಾರಿಯಾಗಿ ಹಾಕಬೇಡಿ. ಹೀಗೆ ಹೋಗುತ್ತದೆ ಪಟ್ಟಿ. ಹಣೆಯ ಗುರುತಿನ ವಿಷಯ ಹಿಡಿದುಕೊಂಡು ಬಿಜೆಪಿ ವಿರೋಧಿಸಿತು, ರಾಜಕೀಯ ಜಗಳ ಶುರುವಾಯಿತು. ಆ ಗದ್ದಲದಲ್ಲಿ ವರದಿಯ ಮುಖ್ಯ ಮಾತೇ ಮುಳುಗಿಹೋಯಿತು. ಶಾಲೆಯೇ ಯಾರು ಮೇಲೆ, ಯಾರು ಕೆಳಗೆ ಅಂತ ತೋರಿಸುತ್ತಿದ್ದರೆ ಮಕ್ಕಳು ಅದನ್ನೇ ಕಲೀತಾರೆ ಎಂಬ ಮಾತು ಅದು.

'ಮನೇಲೇ ಕಲಿತು ಬರ್ತಾರೆ'

'ಶಾಲೆ ಏನು ಮಾಡಕ್ಕಾಗುತ್ತೆ, ಜಾತಿ ಮನೇಲೇ ಕಲಿತು ಬರ್ತಾರೆ' ಅಂತ ಶಿಕ್ಷಕರು ಹೇಳ್ತಾರೆ. ಅರ್ಧ ನಿಜ. 2025ರ ಜೂನ್‌ನಲ್ಲಿ ಚಾಮರಾಜನಗರ ತಾಲ್ಲೂಕಿನ ಹೊಮ್ಮ ಗ್ರಾಮದ ಸರ್ಕಾರಿ ಶಾಲೆಯಿಂದ ಪೋಷಕರು ಮಕ್ಕಳನ್ನು ಬಿಡಿಸಿಕೊಂಡು ಹೋದ ಸುದ್ದಿ ಬಂತು. ಬಿಸಿಯೂಟ ಮಾಡುವವರು ದಲಿತ ಮಹಿಳೆ ಅನ್ನೋದೇ ಕಾರಣ ಎಂಬ ಆರೋಪ ಕೇಳಿಬಂತು. ಕಲಿಕೆಯ ಗುಣಮಟ್ಟವೂ ಕಾರಣ ಎಂಬ ಸಮಜಾಯಿಷಿಯೂ ಬಂತು. ಮನೆಯವರು ತಟ್ಟೆ ಕಿತ್ತುಕೊಂಡರೆ ಮಗು ಏನು ಮಾಡೀತು?

ಆದರೆ ಉಳಿದರ್ಧ ಶಾಲೆಯ ಕೈಯಲ್ಲೇ ಇದೆ. ಒಂದು ಮಗು ದಿನದ ಆರೇಳು ಗಂಟೆ ಅಲ್ಲಿರುತ್ತದೆ. ಹೊಡೆಯುವುದನ್ನೂ ಮಾನಸಿಕ ಹಿಂಸೆಯನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ. ಆದರೂ ಬೆತ್ತವೇ ಗೌರವ ಕಲಿಸುತ್ತೆ ಎಂದು ನಂಬಿದ ಶಿಕ್ಷಕರೂ, 'ಎರಡು ಬಿಗೀರಿ ಸರ್' ಅನ್ನುವ ಪೋಷಕರೂ ಬೇಕಾದಷ್ಟಿದ್ದಾರೆ. ಏಟಿನಿಂದ ಮಗು ಕಲಿಯೋದು ಒಂದೇ: ಕೈಯಲ್ಲಿ ಬಲ ಇರೋನಿಗೆ ಮಾತ್ರ ಮರ್ಯಾದೆ. ನಾಳೆ ಬಲ ತನ್ನ ಕೈಗೆ ಬಂದಾಗ ಅವನೂ ಅದನ್ನೇ ಮಾಡ್ತಾನೆ.

ಹಾಗಾದರೆ ಹಿರಿಯರಿಗೆ ಗೌರವ ಬೇಡ್ವಾ? ಬೇಕು. ಅಜ್ಜಿಗೆ ಸೀಟು ಬಿಟ್ಟುಕೊಡೋ ಹುಡುಗ ಒಳ್ಳೆಯವನೇ. ಪ್ರಶ್ನೆ ಏನಂದರೆ, ಆ ಅಜ್ಜಿ ಕಸದ ಚೀಲ ಹೊತ್ತು ಬಸ್ ಹತ್ತಿದ್ದರೂ ಅವನು ಎದ್ದು ನಿಲ್ತಾನಾ? ಎದ್ದರೆ ಅದು ವ್ಯಕ್ತಿಗೆ ಕೊಟ್ಟ ಗೌರವ.

ಮಾಡಬೇಕಾದ್ದು ದೊಡ್ಡ ಸಂಗತಿಯೇನಲ್ಲ. ಪೀಠಿಕೆ ಓದಿದ ಮೇಲೆ ಹತ್ತು ನಿಮಿಷ ಅದರ ಒಂದು ಪದ ಹಿಡಿದು ಮಾತಾಡಲಿ. ನಿನ್ನೆ ಯಾರಿಗೆ ಅಡ್ಡಹೆಸರಿಟ್ಟೆವು, ಯಾರ ಬಣ್ಣ ಆಡಿಕೊಂಡೆವು, ಯಾರನ್ನು ಆಟಕ್ಕೆ ಸೇರಿಸಿಕೊಳ್ಳಲಿಲ್ಲ ಅಂತ ಮಕ್ಕಳೇ ಹೇಳಲಿ. ಶಿಕ್ಷಕರು ಅಡುಗೆಯವರ ಜೊತೆ, ಆಯಾ ಜೊತೆ ಬಹುವಚನದಲ್ಲಿ ಮಾತಾಡಲಿ, ಮಕ್ಕಳ ಸಾಲಿನಲ್ಲೇ ಕೂತು ಅದೇ ಊಟ ಮಾಡಲಿ. ಪೀಡನೆಯ ದೂರು ಕೊಟ್ಟ ಮಗುವಿಗೆ ರಕ್ಷಣೆ ಕೊಡುವ ಹೊಣೆ ಯಾರದ್ದು ಅಂತ ಪ್ರತಿ ಶಾಲೆಯಲ್ಲೂ ಬರೆದು ಹಾಕಲಿ. ನಾಂಗುನೇರಿಯಲ್ಲಿ ದೂರು ಕೊಟ್ಟಿದ್ದಾಗಿತ್ತು, ಆದರೆ ಆ ರಾತ್ರಿ ಹುಡುಗನಿಗೆ ರಕ್ಷಣೆ ಇರಲಿಲ್ಲ. ಸಂವಿಧಾನದ ಬಗ್ಗೆ 1949ರ ನವೆಂಬರ್‌ನಲ್ಲಿ ಮಾತಾಡುತ್ತಾ ಅಂಬೇಡ್ಕರ್ ಹೇಳಿದ್ದು ಇದನ್ನೇ: ಸೋದರತೆ ಇಲ್ಲದಿದ್ದರೆ ಸಮಾನತೆ, ಸ್ವಾತಂತ್ರ್ಯಗಳು ಮೇಲೆ ಬಳಿದ ಬಣ್ಣ ಅಷ್ಟೇ.

ಇದನ್ನು ಓದ್ತಿರೋ ನಿಮ್ಮಲ್ಲಿ ಹೆಚ್ಚಿನವರು ಹದಿಹರೆಯ ದಾಟಿ ತುಂಬಾ ವರ್ಷ ಆಗಿರಲ್ಲ. ಮನೆಯಲ್ಲಿ ಹೈಸ್ಕೂಲು ಓದುವ ತಮ್ಮನೋ ತಂಗಿಯೋ ಇರಬಹುದು. ಅವರು ಮೇಷ್ಟ್ರ ಮಾತಿಗಿಂತ ಹೆಚ್ಚು ನೋಡೋದು ನಿಮ್ಮನ್ನ: ನೀವು ಯಾವ ಮೀಮ್‌ಗೆ ನಗ್ತೀರಿ, ವಿರೋಧಿ ಪಕ್ಷದ ಹೆಣ್ಣುಮಗಳ ಪೋಸ್ಟಿನ ಕೆಳಗೆ ಏನು ಬರೀತೀರಿ, ಪಾರ್ಸೆಲ್ ತಂದ ಹುಡುಗನ ಜೊತೆ ಯಾವ ದನಿಯಲ್ಲಿ ಮಾತಾಡ್ತೀರಿ. ನಮ್ಮ ಸಿದ್ಧಾಂತ ಸರಿ ಇದೆ ಅಂದ ಮಾತ್ರಕ್ಕೆ ಈ ಪರೀಕ್ಷೆಯಿಂದ ನಮಗೆ ವಿನಾಯಿತಿ ಇಲ್ಲ.

ಇವತ್ತೇ ನಿಮ್ಮ ತಮ್ಮನನ್ನ ಕೇಳಿ ನೋಡಿ: 'ನಿಮ್ಮ ಸ್ಕೂಲಲ್ಲಿ ಟಾಯ್ಲೆಟ್ ತೊಳೆಯೋರ ಹೆಸರೇನು?' ಅವನಿಗೆ ಗೊತ್ತಿಲ್ಲದಿದ್ದರೆ ಬೈಯಬೇಡಿ. ನಿಮ್ಮ ಕಾಲೇಜಿನಲ್ಲಿ, ಆಫೀಸಿನಲ್ಲಿ ಆ ಕೆಲಸ ಮಾಡುವವರ ಹೆಸರು ನಿಮಗೆ ಗೊತ್ತಿದೆಯಾ ಅಂತ ನೆನಪು ಮಾಡಿಕೊಳ್ಳಿ. ಗೊತ್ತಿಲ್ಲದಿದ್ದರೆ ನಾಳೆ ಇಬ್ಬರೂ ಕೇಳಿಕೊಂಡು ಬನ್ನಿ.