ಪಾದರಸ ಹೋದ ಮೇಲೆ ಹಲ್ಲಿಗೆ ಏನು?

ಸಾಗರ, ಹೊಸನಗರ, ತೀರ್ಥಹಳ್ಳಿಗಳನ್ನೊಳಗೊಂಡ ಕೆಳದಿ ಸೀಮೆಯಲ್ಲಿ ಕವಳವು ಆತಿಥ್ಯದ ಅಂಗ. ದಶಕಗಳ ಕಾಲ ಅಡಿಕೆ ಜಗಿದ ದವಡೆಹಲ್ಲು ಸವೆಯುತ್ತದೆ, ಬಿರುಕು ಬಿಡುತ್ತದೆ. ಅಂತಹ ಹಲ್ಲಿಗೆ ಏನನ್ನು ತುಂಬಬೇಕೆಂಬುದು ಕೇವಲ ದಂತವೈದ್ಯರ ಪ್ರಶ್ನೆಯಾಗಿ ಉಳಿದಿಲ್ಲ.

ಬಡವರ ಪಾಲಿಗೆ ಬಹುಕಾಲ ಒದಗಿದ್ದು ‘ಬೆಳ್ಳಿ ಫಿಲ್ಲಿಂಗ್’, ಅಂದರೆ ಅಮಾಲ್ಗಂ. ಅದರ ತೂಕದ ಸುಮಾರು ಅರ್ಧದಷ್ಟು ಪಾದರಸ. ಭಾರತವು 2018ರಲ್ಲಿ ಅನುಮೋದಿಸಿದ ಮಿನಮಾಟಾ ಒಪ್ಪಂದದ ರಾಷ್ಟ್ರಗಳು, 2034ರೊಳಗೆ ಇದರ ಬಳಕೆಯನ್ನು ಕೊನೆಗಾಣಿಸಲು 2025ರ ನವೆಂಬರಿನಲ್ಲಿ ಜಿನೀವಾದಲ್ಲಿ ಸಮ್ಮತಿಸಿವೆ. ನಿರ್ಧಾರ ಸ್ವಾಗತಾರ್ಹ. ಆದರೆ ಅದರ ಬದಲಿಗೆ ಏನು?

ತುಂಬಿದ ವಸ್ತುವಿನ ಆಯುಸ್ಸು ಬಹುಮಟ್ಟಿಗೆ ನಿರ್ಧಾರವಾಗುವುದು ಅದು ಹಲ್ಲನ್ನು ಸಂಧಿಸುವ ಅಂಚಿನಲ್ಲಿ. ಅಲ್ಲಿ ಸಂದು ಉಳಿದರೆ ಹುಳುಕು ಮರುಕಳಿಸುತ್ತದೆ. ಸಂದು 120 ಮೈಕ್ರಾನ್, ಅಂದರೆ ಮಿಲಿಮೀಟರಿನ ಎಂಟನೆಯ ಒಂದು ಭಾಗ, ಮೀರಬಾರದೆಂಬ ಮಾನದಂಡ 1971ರಿಂದ ಪ್ರಚಲಿತವಾಗಿದೆ. ಅಮಾಲ್ಗಂ ತನ್ನ ಸವಕಳಿಯ ಲವಣಗಳಿಂದಲೇ ಕಾಲಕ್ರಮದಲ್ಲಿ ಈ ಸಂದನ್ನು ಮುಚ್ಚಿಕೊಳ್ಳುತ್ತದೆ. ಹಲ್ಲಿನ ಬಣ್ಣದ ಕಾಂಪೊಸಿಟ್ ಗಟ್ಟಿಯಾಗುವಾಗ ಶೇ 2ರಿಂದ 3ರಷ್ಟು ಕುಗ್ಗುತ್ತದೆ. ಬಾಯಿಯ ತೇವವನ್ನೂ ಅದು ಸಹಿಸದು. ಕುಳಿಯ ಅಚ್ಚು ತೆಗೆದು ಹೊರಗೆ ತಯಾರಿಸಿ ಅಂಟಿಸುವ ಇನ್‌ಲೇಯಲ್ಲಿ ಈ ಕುಗ್ಗುವಿಕೆ ಬಾಯಿಯ ಹೊರಗೇ ಮುಗಿದಿರುತ್ತದೆ. ಚಿನ್ನದ ಇನ್‌ಲೇಯ ಅಂಚನ್ನು ಉಜ್ಜಿ ಹಲ್ಲಿಗೆ ಕೂಡಿಸಬಹುದು. ಪಿಂಗಾಣಿಯದು ಬಾಗದು, ಅದರ ಸಂದನ್ನು ಅಂಟೇ ತುಂಬಬೇಕು. ಜಗಿತ ಹೆಚ್ಚಿದಷ್ಟೂ ಆ ಅಂಟು ಸವೆಯುತ್ತದೆ.

ಒಳ್ಳೆಯ ಇನ್‌ಲೇ ಸಾಮಾನ್ಯವಾಗಿ ಪ್ರಯೋಗಾಲಯವನ್ನೂ ಎರಡು ಭೇಟಿಗಳನ್ನೂ ಬೇಡುತ್ತದೆ. ತೋಟದ ಕೂಲಿಗೆ ಎರಡನೆಯ ಭೇಟಿಯೆಂದರೆ ಬಸ್ಸಿನ ಖರ್ಚು ಮತ್ತು ಒಂದು ದಿನದ ಸಂಪಾದನೆ. ಈ ವೆಚ್ಚ ಯಾವ ದರಪಟ್ಟಿಯಲ್ಲೂ ಕಾಣದು. ಹೀಗಾಗಿ ಹಲ್ಲನ್ನು ಕೀಳಿಸಿಕೊಳ್ಳುವುದೇ ಅವರಿಗೆ ಅಗ್ಗವೆನಿಸುತ್ತದೆ.

ಹಲ್ಲಿಗೆ ತಾನೇ ಅಂಟಿಕೊಂಡು ಫ್ಲೋರೈಡ್ ಒಸರುವ ಗ್ಲಾಸ್ ಅಯೊನೊಮರ್ ಸಿಮೆಂಟನ್ನು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಅದು ಒಂದೇ ಭೇಟಿಯಲ್ಲಿ ಮುಗಿಯುತ್ತದೆ, ಆದರೆ ಬೇಗ ಸವೆಯುತ್ತದೆ. ಆದುದರಿಂದ ತಾಲ್ಲೂಕು ಆಸ್ಪತ್ರೆಗಳಿಗೆ ಈ ಸಿಮೆಂಟಿನ ನಿಯತ ಪೂರೈಕೆ, ಕಾಂಪೊಸಿಟ್‌ಗೆ ಬೇಕಾದ ಬೆಳಕಿನ ಉಪಕರಣ ಮತ್ತು ತರಬೇತಿ, ಇನ್‌ಲೇ ಅಗತ್ಯವಿದ್ದವರಿಗೆ ಜಿಲ್ಲಾ ಮಟ್ಟದಲ್ಲೊಂದು ಪ್ರಯೋಗಾಲಯ, ಇವಿಷ್ಟನ್ನೂ ಈಗಲೇ ಆಯವ್ಯಯದಲ್ಲಿ ಸೇರಿಸಬೇಕು. ಪಾದರಸವನ್ನು ನಿಲ್ಲಿಸಲು ಒಂದು ಸುತ್ತೋಲೆ ಸಾಕು. ಬದಲಿ ವ್ಯವಸ್ಥೆ ಕಟ್ಟಲು ವರ್ಷಗಳೇ ಬೇಕು. ಆ ವರ್ಷಗಳು ಇನ್ನೂ ನಮ್ಮ ಕೈಯಲ್ಲಿವೆ.